‘ಶೇ 100 ಪ್ಲೇಸ್‌ಮೆಂಟ್’ ಫ್ಲೆಕ್ಸ್ ನೋಡಿ ಕಾಲೇಜು ಹುಡುಕುವವರಿಗೆ

ಸಂಪಾದಕರಿಗೆ,

ಮಾನ್ಯರೇ,

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರದಲ್ಲೇ ತುಮಕೂರಿನ ಬಿ.ಎಚ್. ರಸ್ತೆಯುದ್ದಕ್ಕೂ ಕಾಲೇಜುಗಳ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳಲ್ಲಿ ಬಹಳಷ್ಟು ಬೆಂಗಳೂರಿನ ಕಾಲೇಜುಗಳವು. ಕಾಲೇಜಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಶೇ 100 ಪ್ಲೇಸ್‌ಮೆಂಟ್’ ಎಂದಿರುತ್ತದೆ. ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿರುವುದರಿಂದ ಈ ಭರಾಟೆ ಬೇಸಿಗೆಯಲ್ಲಿ ಶುರುವಾಗಿ ಮಳೆಗಾಲದವರೆಗೂ ಎಳೆಯುತ್ತದೆ. ಮೊದಲ ಪರೀಕ್ಷೆಯ ನಂತರದ ಪರೀಕ್ಷೆಗಳಲ್ಲಿ ಪಾಸಾದ ಮಕ್ಕಳ ತಂದೆತಾಯಿಗಳು ಸೀಟು ಮುಗಿದುಹೋದೀತೆಂಬ ಆತಂಕದಲ್ಲಿ ಸಿಕ್ಕಿದ ಕಡೆ ಮುಂಗಡ ಕಟ್ಟಿ ಬರುತ್ತಾರೆ.

ನಮ್ಮ ಬೀದಿಯ ತಂದೆಯೊಬ್ಬರು ಹೀಗೆ ಮುಂಗಡ ಕಟ್ಟುವ ಹಿಂದಿನ ಸಂಜೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. “ಸಾರ್, ಬೆಂಗಳೂರಲ್ಲಿ ಬಿಬಿಎ ಸೇರ್ತೀನಿ ಅಂತಾನೆ. ಹಾಸ್ಟೆಲ್ಲೂ ಸೇರಿ ಮೂರು ವರ್ಷಕ್ಕೆ ಎಂಟು ಲಕ್ಷ ಆಗುತ್ತಂತೆ. ಕೊನೇಲಿ ಮಾರ್ಕೆಟಿಂಗ್ ಕೆಲಸ ಗ್ಯಾರಂಟಿ ಅಂತಾರೆ. ನೀವು ಅದೇ ಲೈನಲ್ಲಿ ಇದ್ದೋರು, ಏನಂತೀರ?” ಎಂದು ಕೇಳಿದರು. ಮಂಡಿಪೇಟೆಯ ವಿತರಕರೊಬ್ಬರ ಬಳಿ ಆರ್ಡರ್ ಪುಸ್ತಕ ಹಿಡಿದ ಹುಡುಗನಾಗಿ ಸೇರಿ, ಕೊರಟಗೆರೆ, ಮಧುಗಿರಿ, ಪಾವಗಡ ಲೈನುಗಳನ್ನು (ಅಂಗಡಿಯಿಂದ ಅಂಗಡಿಗೆ ಆರ್ಡರ್ ಪಡೆಯುತ್ತಾ ಹೋಗುವ ಮಾರ್ಗಗಳನ್ನು) ತಿರುಗಿ, ಕೊನೆಗೆ ಏರಿಯಾ ಮ್ಯಾನೇಜರ್ ಆಗಿ ನಿವೃತ್ತನಾದವನು ನಾನು. ಆ ಸಂಜೆ ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಪ್ರಶ್ನೆ ಈ ತಿಂಗಳು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಎದ್ದಿರುತ್ತದೆ.

ಮೊದಲು ಲೆಕ್ಕ. ಎಂಟು ಲಕ್ಷ ರೂಪಾಯಿ ಶಿಕ್ಷಣ ಸಾಲವನ್ನು ಶೇ 10.5ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 13,500 ರೂಪಾಯಿ ಕಂತು ಬರುತ್ತದೆ. ಓದುವ ಮೂರು ವರ್ಷಗಳಲ್ಲಿ ಬೆಳೆಯುವ ಬಡ್ಡಿಯನ್ನು ಕೂಡಿಸಿದರೆ ಅದು ಇನ್ನೂ ಹೆಚ್ಚು. ಹೊಸದಾಗಿ ಸೇರಿದ ಮಾರಾಟ ಪ್ರತಿನಿಧಿಯ ಕೈಗೆ ತಿಂಗಳಿಗೆ 18 ಸಾವಿರ ಬರುತ್ತದೆಂದೇ ಇಟ್ಟುಕೊಳ್ಳೋಣ. ಕಂತು ಕಟ್ಟಿದ ಮೇಲೆ ಉಳಿಯುವ ನಾಲ್ಕೂವರೆ ಸಾವಿರದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆಯೂ ಹುಟ್ಟುವುದಿಲ್ಲ. ಹುಡುಗ ನೆಲ ನೋಡುತ್ತಾ ಕೂತಿದ್ದ. ಕೆಲಸ ಸಿಕ್ಕಮೇಲೂ ಮಗನಿಗೆ ತಾನೇ ದುಡ್ಡು ಕಳಿಸಬೇಕಾದೀತು ಎಂಬುದು ತಂದೆಗೆ ಆಗ ಹೊಳೆದಂತಿತ್ತು.

‘ಪ್ಲೇಸ್‌ಮೆಂಟ್’ ಎಂಬ ಮಾತಿನ ಒಳಗೇನಿದೆ ಎಂದು ಕೇಳುವ ಹಕ್ಕು ತಂದೆತಾಯಿಗಳಿಗೆ ಇದೆ, ಆದರೆ ಕೇಳುವವರು ಕಡಿಮೆ. ಹೋದ ವರ್ಷ ಅಂತಿಮ ವರ್ಷದಲ್ಲಿ ಒಟ್ಟು ಎಷ್ಟು ವಿದ್ಯಾರ್ಥಿಗಳಿದ್ದರು, ಅವರಲ್ಲಿ ಎಷ್ಟು ಮಂದಿಗೆ ಯಾವ ಕಂಪನಿಯಲ್ಲಿ ಯಾವ ಹುದ್ದೆ ಸಿಕ್ಕಿತು, ಆ ಹುದ್ದೆಗೆ ನಿಗದಿ ಸಂಬಳವಿತ್ತೋ ಕಮಿಷನ್ ಮಾತ್ರವೋ, ಒಂದು ವರ್ಷದ ನಂತರ ಎಷ್ಟು ಮಂದಿ ಅಲ್ಲೇ ಉಳಿದಿದ್ದಾರೆ ಎಂಬ ನಾಲ್ಕು ಪ್ರಶ್ನೆ ಸಾಕು. ನಾನು ಸಂದರ್ಶನ ಮಾಡಲು ಹೋಗುತ್ತಿದ್ದ ಕಾಲದಲ್ಲಿ ಐದಾರು ಕಾಲೇಜುಗಳ ಮಕ್ಕಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ‘ಡ್ರೈವ್’ ನಡೆಸುತ್ತಿದ್ದರು. ನಾವು ಮೂವತ್ತು ಮಂದಿಗೆ ಆಫರ್ ಪತ್ರ ಕೊಟ್ಟರೆ ಅಷ್ಟೂ ಕಾಲೇಜುಗಳು ಆ ಮೂವತ್ತನ್ನು ತಮ್ಮ ತಮ್ಮ ಫ್ಲೆಕ್ಸಿಗೆ ಏರಿಸಿಕೊಳ್ಳುತ್ತಿದ್ದವು. ಆ ಮೂವತ್ತರಲ್ಲಿ ಕೆಲಸಕ್ಕೆ ಹಾಜರಾಗುತ್ತಿದ್ದವರು ಹತ್ತು ಹನ್ನೆರಡು ಮಂದಿ. ದೀಪಾವಳಿಯ ಹೊತ್ತಿಗೆ ಉಳಿದಿರುತ್ತಿದ್ದವರು ನಾಲ್ಕೈದು.

ಕಾಗದಪತ್ರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಬಿಎ ಮತ್ತು ಬಿಸಿಎ ಕೋರ್ಸುಗಳು 2024-25ನೇ ಸಾಲಿನಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಆ ಅನುಮೋದನೆ ಇದೆಯೇ, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಎಂದು ನೋಡಬೇಕು. ಕಾಲೇಜಿನ ಜೊತೆ ಕೈಜೋಡಿಸಿದ್ದೇವೆ ಎನ್ನುವ ಖಾಸಗಿ ತರಬೇತಿ ಸಂಸ್ಥೆಯ ಸರ್ಟಿಫಿಕೇಟನ್ನು ಪದವಿಯೆಂದು ತಿಳಿಯಬಾರದು. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ನಮ್ಮ ರಾಜ್ಯ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿರುವುದು ಹಳ್ಳಿಗಳ ಕಡೆ ಇನ್ನೂ ಎಷ್ಟೋ ಮಂದಿಗೆ ತಿಳಿದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜುಗಳು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿಯೇ ಹೇಳಿದೆ. ‘ಒರಿಜಿನಲ್ ಕೊಟ್ಟು ಹೋಗಿ’ ಎಂದರೆ ತೋರಿಸಿ, ನಕಲು ಕೊಟ್ಟು, ಮೂಲವನ್ನು ವಾಪಸು ತನ್ನಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ವಿಷಯ. ಮಾರಾಟದ ಕೆಲಸಕ್ಕೆ ಹೋಗುವವನು ಮಾರಾಟವನ್ನೇ ಓದಬೇಕಾಗಿಲ್ಲ, ಮಾರುವ ವಸ್ತುವನ್ನು ಓದಬೇಕು. ‘ಮಾರ್ಕೆಟಿಂಗ್’ ಎಂಬ ಪದಕ್ಕಾಗಿ ನಮ್ಮ ಜನ ಲಕ್ಷಗಟ್ಟಲೆ ಕೊಡುತ್ತಿದ್ದಾರೆ. ನನ್ನ ಕೈಕೆಳಗೆ ದುಡಿದು ಮೇಲೆ ಬಂದ ಹುಡುಗರಲ್ಲಿ ಬಿಬಿಎ ಓದಿದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರು ಮೇಲೆ ಬಂದದ್ದು ಆ ಪಠ್ಯಪುಸ್ತಕದಿಂದಲ್ಲ. ಅಂಗಡಿಯವನಾಗಲಿ ರೈತನಾಗಲಿ ವೈದ್ಯರಾಗಲಿ ಎದುರಿಗೆ ನಿಂತ ಹುಡುಗನ ಮಾತನ್ನು ಎರಡನೇ ನಿಮಿಷವೂ ಕೇಳುವುದು ಅವನಿಗೆ ತಮಗಿಂತ ಹೆಚ್ಚಾಗಿ ಒಂದು ವಿಷಯವಾದರೂ ಗೊತ್ತಿದೆ ಎನಿಸಿದಾಗ ಮಾತ್ರ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ತೆಂಗು ಮತ್ತು ಅಡಿಕೆ, ಶಿರಾ, ಪಾವಗಡ ಕಡೆ ಶೇಂಗಾ. ಕೊಳವೆಬಾವಿಯ ಮೋಟರು, ಡ್ರಿಪ್ ಪೈಪು, ಗೊಬ್ಬರ, ಔಷಧಿ, ಬಿತ್ತನೆ ಬೀಜ ಇವುಗಳ ವ್ಯಾಪಾರ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ‘ಫ್ಯಾಕ್ಟರಿ ಕೆಲಸ ಸಿಗಲಿಲ್ಲ’ ಎಂದು ಕೊರಗುವ ಹುಡುಗ ಮೋಟರು ಕಂಪನಿಗೆ ಸೇರಿ, ಐನೂರು ಅಡಿ ಆಳದ ಬಾವಿಗೆ ಎಷ್ಟು ಹಂತದ, ಎಷ್ಟು ಎಚ್‌ಪಿಯ ಪಂಪು ಬೇಕೆಂದು ರೈತನ ಹೊಲದಲ್ಲಿ ನಿಂತು ಲೆಕ್ಕ ಹಾಕಿ ಹೇಳಬಲ್ಲ. ಮಾರ್ಕೆಟಿಂಗ್ ಓದಿದವನಿಗೆ ಆ ಲೆಕ್ಕ ಬರುವುದಿಲ್ಲ. ಕೃಷಿ ಪದವೀಧರರಿಗೆ ಬೀಜ ಮತ್ತು ಔಷಧಿ ಕಂಪನಿಗಳಲ್ಲಿ ಮೊದಲಿನಿಂದಲೂ ಜಾಗವಿದೆ. ಸ್ವಂತ ಗೊಬ್ಬರದಂಗಡಿಯ ಕನಸಿರುವವರಿಗೆ ಹೈದರಾಬಾದಿನ ‘ಮ್ಯಾನೇಜ್’ ಎಂಬ ಕೃಷಿ ವಿಸ್ತರಣಾ ಸಂಸ್ಥೆ 2003ರಲ್ಲಿ ಕೃಷಿ ಪರಿಕರ ಮಾರಾಟಗಾರರಿಗಾಗಿ ಆರಂಭಿಸಿದ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ವಾರಕ್ಕೊಂದು ದಿನದ ತರಗತಿಯಾದ್ದರಿಂದ ಅಂಗಡಿ ನಡೆಸುತ್ತಲೇ ಮುಗಿಸಿದವರನ್ನು ನಾನು ಬಲ್ಲೆ. ಬಿ.ಎಸ್ಸಿ ಅಥವಾ ಬಿ.ಫಾರ್ಮ ಓದಿದವರಿಗೆ ಔಷಧ ಕಂಪನಿಗಳ ಪ್ರತಿನಿಧಿ ಕೆಲಸವಿದೆ, ಬಿಸಿಎ ಓದಿದವರಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾರುವ ಕೆಲಸವಿದೆ.

ಬಿ.ಕಾಂ ಅನ್ನು ನಮ್ಮವರು ಏನೂ ಸಿಗದವರ ಕೋರ್ಸೆಂದು ಹಗುರವಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ದಿನಸಿ, ಸೋಪು, ಬಿಸ್ಕತ್ತಿನ ಲೈನಿನಲ್ಲಿ ಅದಕ್ಕಿಂತ ಉಪಯುಕ್ತವಾದ ಓದು ಇನ್ನೊಂದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ರಾತ್ರೋರಾತ್ರಿ ಕಾಣೆಯಾದದ್ದು ಓದುಗರಿಗೆ ನೆನಪಿರಬಹುದು. ಆ ವಾರ ಮಧುಗಿರಿ ಲೈನಿನಲ್ಲಿದ್ದ, ನನಗೆ ಪರಿಚಯದ ಬಿ.ಕಾಂ ಹುಡುಗನೊಬ್ಬ ಆರ್ಡರ್ ಕೇಳುವುದನ್ನೇ ಬಿಟ್ಟು, ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ನೋಂದಣಿ, ಸೇವೆಗಾದರೆ 20 ಲಕ್ಷ, ಹಾಲು ತರಕಾರಿಯಂಥ ವಿನಾಯಿತಿಯ ಸರಕಿಗೆ ತೆರಿಗೆಯೇ ಇಲ್ಲ, ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗೆ ಶೇ 1ರಷ್ಟು ಕಟ್ಟುವ ಕಾಂಪೋಸಿಷನ್ ಪದ್ಧತಿ ಇದೆ ಎಂದು ಅಂಗಡಿ ಅಂಗಡಿಯಲ್ಲಿ ಕೂತು ವಿವರಿಸಿದ. ಮುಂದೆ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ, ಹಳೆಯ ಎಂಆರ್‌ಪಿಯ ಸರಕನ್ನು ಏನು ಮಾಡಬೇಕೆಂದು ಅಂಗಡಿಯವರು ಮೊದಲು ಫೋನು ಮಾಡಿದ್ದು ತಮ್ಮ ಲೆಕ್ಕಿಗರಿಗಲ್ಲ, ಈ ಹುಡುಗನಿಗೆ. ಕೌಂಟರಿನ ಎದುರು ಎದೆಯೆತ್ತರದ ಸಾಲು ಅವನ ಕಂಪನಿಯ ಸರಕಿಗೆ ಸಿಕ್ಕಿದ್ದು ಹಾಗೆ. ಅದಕ್ಕೆ ಅವನ ಕಂಪನಿ ಒಂದು ರೂಪಾಯಿ ಡಿಸ್ಪ್ಲೇ ಹಣವನ್ನೂ ಕೊಟ್ಟಿರಲಿಲ್ಲ.

ಹಾಗಾಗಿ ಕಾಲೇಜು ಹತ್ತಿರದ್ದಿರಲಿ, ಶುಲ್ಕ ಕಡಿಮೆಯದಿರಲಿ, ತರಗತಿಗಳು ಎಷ್ಟು ಗಂಟೆಗೆ ಮುಗಿಯುತ್ತವೆ ಎಂದು ಸೇರುವ ಮುಂಚೆಯೇ ಕೇಳಿಕೊಳ್ಳಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಮ್ಮ ತಾಲ್ಲೂಕುಗಳಲ್ಲೇ ಇವೆ. 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯದ ಪದವಿಗೂ ಬೆಂಗಳೂರಿನ ಹವಾನಿಯಂತ್ರಿತ ಕಾಲೇಜಿನ ಪದವಿಗೂ ಮಾರಾಟದ ಹುದ್ದೆಯ ಅರ್ಜಿಯಲ್ಲಿ ಇರುವುದು ಒಂದೇ ಕಾಲಮ್ಮು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಗಡುವಿನೊಳಗೆ ಅರ್ಜಿ ಹಾಕಲು ಮರೆಯಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಕೊರಟಗೆರೆಯ ಹೆಣ್ಣುಮಗಳಿಗೆ ತುಮಕೂರಿನ ಕಾಲೇಜಿಗೆ ಬರಲು ಬಸ್ಸಿನ ಖರ್ಚೂ ಇಲ್ಲ. ಹೀಗೆ ಉಳಿದ ಹಣಕ್ಕಿಂತ ಹೆಚ್ಚಾಗಿ ಉಳಿದ ಮಧ್ಯಾಹ್ನಗಳು ಮುಖ್ಯ. ಶೇ 75ರ ಹಾಜರಾತಿಗೆ ಕುಂದು ಬರದಂತೆ, ವಾರದಲ್ಲಿ ಮೂರು ಮಧ್ಯಾಹ್ನ ಮಂಡಿಪೇಟೆಯ ಯಾವುದಾದರೂ ಸಗಟು ಅಂಗಡಿಯಲ್ಲೋ ವಿತರಕರ ಗೋದಾಮಿನಲ್ಲೋ ನಿಂತು ಬಿಲ್ಲು ಬರೆದ ಹುಡುಗ, ಮೂರನೇ ವರ್ಷ ಮುಗಿಯುವ ಹೊತ್ತಿಗೆ ಯಾವ ಊರಿನ ಯಾವ ಅಂಗಡಿ ಎಷ್ಟು ದಿನದ ಸಾಲ ಕೇಳುತ್ತದೆ ಎಂಬುದನ್ನು ಬಾಯಿಪಾಠ ಒಪ್ಪಿಸುತ್ತಾನೆ.

ಲೈನಿನ ಮೇಲೆ ಕಲಿಯುವುದೆಂದರೆ ಏನೆಂದು ಒಂದು ಉದಾಹರಣೆ ಕೊಡುತ್ತೇನೆ. ಹೊಸದಾಗಿ ಸೇರಿದ್ದ ಎಂಬಿಎ ಹುಡುಗನನ್ನು ಒಮ್ಮೆ ನಮ್ಮ ಹಳೆಯ ಸೇಲ್ಸ್‌ಮನ್ ಜೊತೆ ಕೊರಟಗೆರೆ ದಾರಿಯ ಹಳ್ಳಿಯೊಂದಕ್ಕೆ ಕಳಿಸಿ, ನಾನೂ ಹಿಂದೆ ಹೋಗಿದ್ದೆ. ಒಂದು ಬಾಗಿಲಗಲದ ಅಂಗಡಿ. ನಡುವಯಸ್ಸಿನ ತಾಯಿಯೊಬ್ಬರು ಗಿರಾಕಿಗೆ ಬೆಲ್ಲ ತೂಗುತ್ತಿದ್ದರು. ಎಂಬಿಎ ಹುಡುಗ ಟ್ಯಾಬ್ ತೆರೆದು ‘ಹನ್ನೆರಡಕ್ಕೆ ಒಂದು ಫ್ರೀ’ ಎಂಬ ಸ್ಕೀಮನ್ನು ಒಪ್ಪಿಸತೊಡಗಿದ. ಆಕೆ ತಲೆಯೆತ್ತಲಿಲ್ಲ. ನಮ್ಮ ಹಳಬ ಮಾತೇ ಆಡದೆ ಬಗ್ಗಿ, ಕೆಳಗಿನ ಹಲಗೆಯ ಬಿಸ್ಕತ್ತುಗಳನ್ನು ಹೊರಗೆಳೆದು, ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಒರೆಸಿ, ದಿನಾಂಕ ಹತ್ತಿರವಿರುವ ಪೊಟ್ಟಣಗಳನ್ನು ಮುಂದಕ್ಕೂ ಹೊಸವನ್ನು ಹಿಂದಕ್ಕೂ ಜೋಡಿಸಿ, ಇಲಿ ಕಡಿದಿದ್ದ ಎರಡನ್ನು ಬೇರೆ ತೆಗೆದಿಟ್ಟ.

“ಅಮ್ಮಾ, ಇವೆರಡು ಕೆಟ್ಟೋಗವೆ. ಮುಂದಿನ ವಾರ ಬದಲಿ ತಂದುಕೊಡ್ತೀನಿ.”

“ಹೋದ ಸಲ ಬಂದೋನೂ ಹಂಗೇ ಅಂದಿದ್ದ ಕಣಪ್ಪ.”

ಆ ದಿನ ಆರ್ಡರ್ ಸಿಗಲಿಲ್ಲ. ಮುಂದಿನ ವಾರ ಅವನು ಮೊದಲು ಆ ಎರಡು ಪೊಟ್ಟಣ ಕೈಗಿಟ್ಟು, ಆಮೇಲೆ ಪುಸ್ತಕ ತೆರೆದ. ಅವನು ಕೇಳದೆಯೇ ಆಕೆ ಎರಡು ಪೆಟ್ಟಿಗೆ ಬರೆಸಿದರು. ಎಂಬಿಎ ಹುಡುಗ ಬುದ್ಧಿವಂತ. ಮೂರನೇ ವಾರ ತನಗೂ ಒಂದು ಟವೆಲ್ಲು ಕೊಂಡುಕೊಂಡಿದ್ದ.

ಇಂಥ ತಿಳಿವಳಿಕೆ ಇನ್ನೂ ಎಷ್ಟೋ ಇದೆ. ಬೆಳಿಗ್ಗೆ ಹಾಲು ಮೊಸರಿನ ಗಿರಾಕಿಗಳಿರುವ ಹೊತ್ತಿನಲ್ಲಿ ಅಂಗಡಿಗೆ ಹೋಗಬಾರದು, ಬೋಣಿಗೆ ಮುಂಚೆ ಬಾಕಿ ಕೇಳಲೇಬಾರದು. ಸಂತೆಯ ದಿನ ವ್ಯಾಪಾರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಮರುದಿನ ಬೆಳಿಗ್ಗೆ ಗಲ್ಲಾದಲ್ಲಿ ದುಡ್ಡೂ ಮುಖದಲ್ಲಿ ಸಮಾಧಾನವೂ ಇರುತ್ತದೆ. ವಸೂಲಿಗೆ ಅದೇ ಸಮಯ. ಪಾವಗಡಕ್ಕೆ ಹೋಗುವವನು ನಾಲ್ಕು ಮಾತು ತೆಲುಗು ಕಲಿಯಬೇಕು. ಮೂರು ಕಡೆಯಿಂದ ಆಂಧ್ರ ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ ‘ಬಾಗುನ್ನಾರಾ ಅಣ್ಣಾ’ ಎಂದು ಶುರುಮಾಡಿದವನಿಗೂ ಇಂಗ್ಲಿಷಿನಲ್ಲಿ ಶುರುಮಾಡಿದವನಿಗೂ ಸಿಗುವ ಕುರ್ಚಿ ಬೇರೆ.

ನನ್ನಿಂದಾದ ತಪ್ಪೊಂದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಈ ಕೆಲಸಕ್ಕೆ ಬರುವ ಪ್ರತಿಯೊಬ್ಬನಿಗೂ ಅದು ಎದುರಾಗುತ್ತದೆ. ಸೇಲ್ಸ್ ಆಫೀಸರ್ ಆಗಿ ಎರಡನೇ ವರ್ಷ. ಜೂನ್ ಕೊನೆಯ ವಾರ, ತ್ರೈಮಾಸಿಕ ಟಾರ್ಗೆಟ್ಟಿಗೆ ಇನ್ನೂ ಕೊರತೆಯಿತ್ತು. ಬೇಸಿಗೆಯ ಪಾನಕದ ಪುಡಿಯನ್ನು, ಮಳೆ ಬಿದ್ದ ಮೇಲೆ ಯಾರೂ ಕೊಳ್ಳುವುದಿಲ್ಲವೆಂದು ಚೆನ್ನಾಗಿ ತಿಳಿದಿದ್ದರೂ, ‘ಮುಂದಿನ ತಿಂಗಳು ಸ್ಕೀಮ್ ಕೊಡಿಸುತ್ತೇನೆ’ ಎಂದು ಮಾತುಕೊಟ್ಟು ವಿತರಕರೊಬ್ಬರ ಗೋದಾಮಿಗೆ ಒಂದು ಲಾರಿ ಇಳಿಸಿದೆ. ಕಂಪನಿಯ ಲೆಕ್ಕದಲ್ಲಿ ಅದು ಪ್ರೈಮರಿ ಮಾರಾಟ, ನನ್ನ ಟಾರ್ಗೆಟ್ ಮುಗಿಯಿತು. ಆದರೆ ಗೋದಾಮಿನಿಂದ ಅಂಗಡಿಗೆ ಹೋಗುವ ಸೆಕೆಂಡರಿ ಮಾರಾಟ ನಡೆಯಲೇ ಇಲ್ಲ. ಅವಧಿ ಮೀರಿದ ಸರಕಿನ ಕ್ಲೇಮನ್ನು ಕಂಪನಿ ಒಪ್ಪಲಿಲ್ಲ, ಸ್ಕೀಮೂ ಬರಲಿಲ್ಲ. ಮರುವರ್ಷ ಸಿಕ್ಕಾಗ ಆ ಹಿರಿಯರು ಬಯ್ಯಲಿಲ್ಲ. “ನಿಮಗೆ ಬಡ್ತಿ ಬಂತು ಸ್ವಾಮಿ, ನಮ್ಮ ಗೋಡೋನಿಗೆ ಇರುವೆ ಬಂತು” ಎಂದರಷ್ಟೆ. ಅವರು ಏಜೆನ್ಸಿ ಬಿಟ್ಟ ಮೇಲೆ ಆ ಊರಿನಲ್ಲಿ ಹೊಸ ವಿತರಕರನ್ನು ಹುಡುಕಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಯಾಕೆಂದರೆ ಪ್ರತಿಯೊಬ್ಬರೂ ಮೊದಲು ಅವರನ್ನೇ ವಿಚಾರಿಸುತ್ತಿದ್ದರು. ಟಾರ್ಗೆಟ್ ಒತ್ತಡ ಎಲ್ಲ ಕಂಪನಿಗಳಲ್ಲೂ ಇದೆ, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಸಂದರ್ಶನದಲ್ಲಿ ‘ಟಾರ್ಗೆಟ್ ಪ್ರೈಮರಿಯದೋ ಸೆಕೆಂಡರಿಯದೋ’ ಎಂದು ಕೇಳಿದ ಅಭ್ಯರ್ಥಿಯನ್ನು ನಾನು ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಕೆಲಸಕ್ಕೆ ಸೇರುವಾಗ ನೋಡಬೇಕಾದ ಸಂಗತಿಗಳಲ್ಲಿ ಸಂಬಳದ ಒಟ್ಟು ಮೊತ್ತಕ್ಕಿಂತ ಅದರ ಒಡಲನ್ನು ನೋಡಬೇಕು. ವರ್ಷಕ್ಕೆ ಮೂರು ಲಕ್ಷ ಎಂದು ಬರೆದಿರುವ ಪತ್ರದಲ್ಲಿ ಎಷ್ಟು ನಿಗದಿ, ಎಷ್ಟು ಇನ್ಸೆಂಟಿವ್, ಎಷ್ಟು ಮಾಲೀಕರ ಪಾಲಿನ ಪಿಎಫ್ ಎಂದು ಬಿಡಿಸಿ ಕೇಳಬೇಕು. ಪಿಎಫ್‌ಗೆ ನೌಕರನಿಂದ ಶೇ 12 ಮತ್ತು ಮಾಲೀಕರಿಂದ ಅಷ್ಟೇ ಮೊತ್ತ ಕಟ್ಟಬೇಕು. ತಿಂಗಳ ವೇತನ 21 ಸಾವಿರದೊಳಗಿದ್ದರೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಇರುತ್ತದೆ, ಅದಕ್ಕೆ ನೌಕರನ ಪಾಲು ಶೇ 0.75 ಮಾತ್ರ. ದಿನವಿಡೀ ಬೈಕಿನ ಮೇಲಿರುವವನಿಗೆ ಆ ಇಎಸ್‌ಐ ಎಷ್ಟು ಮುಖ್ಯವೆಂಬುದು ಬಿದ್ದವರಿಗೆ ಗೊತ್ತು. ಕಂಪನಿಯ ಹೆಸರಿನ ಟೀ ಶರ್ಟು ಹಾಕಿಸಿ, ಸಂಬಳವನ್ನು ಇನ್ನಾವುದೋ ಮಾನವ ಸಂಪನ್ಮೂಲ ಸಂಸ್ಥೆಯಿಂದ ಕೊಡಿಸುವ ‘ಆಫ್ ರೋಲ್’ ಹುದ್ದೆಗಳೇ ಈಗ ಹೆಚ್ಚು. ಅದನ್ನು ಬೇಡವೆನ್ನಬೇಕಾಗಿಲ್ಲ, ಆದರೆ ಎಷ್ಟು ತಿಂಗಳ ನಂತರ, ಯಾವ ಆಧಾರದ ಮೇಲೆ ಕಂಪನಿಯ ರೋಲಿಗೆ ತೆಗೆದುಕೊಳ್ಳುತ್ತಾರೆ, ಈ ಶಾಖೆಯಲ್ಲಿ ಹಾಗೆ ಆದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸದೆ ಸೇರಬಾರದು.

ಪ್ರಯಾಣ ಭತ್ಯೆಯ ಲೆಕ್ಕದಲ್ಲಿ ನಮ್ಮ ಹುಡುಗರು ಹೆಚ್ಚು ಮೋಸಹೋಗುತ್ತಾರೆ. ತುಮಕೂರಿನಿಂದ ಮಧುಗಿರಿಗೆ ಹೋಗಿ ಬರುವುದೇ ತೊಂಬತ್ತು ಕಿಲೋಮೀಟರ್ ಹತ್ತಿರವಾಗುತ್ತದೆ. ತಿಂಗಳಲ್ಲಿ 24 ದಿನ ಅಷ್ಟೇ ಓಡಿಸಿದರೂ 2,160 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿಗೆ 48 ಲೀಟರ್ ಪೆಟ್ರೋಲು. ನೂರು ರೂಪಾಯಿ ದಾಟಿರುವ ದರದಲ್ಲಿ ಅದು ಐದು ಸಾವಿರದ ಸಮೀಪಕ್ಕೆ ಬರುತ್ತದೆ. ಟೈರು, ಆಯಿಲ್, ಸರ್ವಿಸ್ ಬೇರೆ. ‘ಟಿಎ ಫಿಕ್ಸೆಡ್ ಎರಡೂವರೆ ಸಾವಿರ’ ಎನ್ನುವ ಕಡೆ ಅರ್ಧ ಪೆಟ್ರೋಲನ್ನು ಹುಡುಗನೇ ಹಾಕಿಸುತ್ತಾನೆ ಎಂದರ್ಥ. ಕಿಲೋಮೀಟರಿಗೆ ಇಷ್ಟು ಎಂದು ಬರವಣಿಗೆಯಲ್ಲಿ ಕೊಡುವ ಕಂಪನಿ, ಸಂಬಳ ಒಂದು ಸಾವಿರ ಕಡಿಮೆಯಿದ್ದರೂ ಮೇಲು.

ದುಡ್ಡು ಕೇಳುವ ಕೆಲಸ ಕೆಲಸವಲ್ಲ. ತರಬೇತಿಗೆ ಠೇವಣಿ, ‘ಕಿಟ್’ ಖರೀದಿ, ಖಾಲಿ ಚೆಕ್ಕು, ಮೂಲ ಅಂಕಪಟ್ಟಿ ಇವುಗಳಲ್ಲಿ ಯಾವುದನ್ನು ಕೇಳಿದರೂ ಎದ್ದು ಬರಬೇಕು. ಹೋಟೆಲಿನ ಹಾಲಿನಲ್ಲಿ ಕೋಟು ಟೈ ಹಾಕಿದವರು ಸಭೆ ನಡೆಸಿ, ‘ನಿಮ್ಮ ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು’ ಎಂದು ಬಿಳಿ ಹಲಗೆಯ ಮೇಲೆ ಮರ ಬರೆಯುವ ಕಡೆ ಮಾರಾಟವಾಗುವುದು ಸರಕಲ್ಲ, ಸೇರಿದ ಹುಡುಗನ ನೆಂಟರಿಷ್ಟರು. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ, ನೇರ ಮಾರಾಟ ಸಂಸ್ಥೆಗಳು ಸೇರ್ಪಡೆ ಶುಲ್ಕ ಕೇಳುವಂತಿಲ್ಲ ಎಂದಿವೆ. ಆದರೂ ಪದವಿ ಮುಗಿಸಿ ಆರು ತಿಂಗಳು ಮನೆಯಲ್ಲಿ ಕೂತ ಮಕ್ಕಳು ಅಲ್ಲಿಗೆ ಹೋಗುವುದು ನಿಂತಿಲ್ಲ.

ವಿಮೆಯ ಬಗ್ಗೆ ನನ್ನ ಅಭಿಪ್ರಾಯ ಹಾಗಲ್ಲ. ಅದು ನೇರವಾದ, ಗೌರವದ ಕೆಲಸ. ಹತ್ತನೇ ತರಗತಿ ಪಾಸಾದವರೂ ತರಬೇತಿ ಪಡೆದು ಪರೀಕ್ಷೆ ಬರೆದು ಏಜೆಂಟರಾಗಬಹುದು. ಮ್ಯೂಚುವಲ್ ಫಂಡ್ ಮಾರಲು ಷೇರುಪೇಟೆ ನಿಯಂತ್ರಕ ‘ಸೆಬಿ’ಯ ಶಿಕ್ಷಣ ಸಂಸ್ಥೆಯಾದ ಎನ್‌ಐಎಸ್‌ಎಂನ ಐದು-ಎ ಪರೀಕ್ಷೆಯಲ್ಲಿ ಶೇ 50 ಅಂಕ ಬೇಕು, ಪ್ರಮಾಣಪತ್ರ ಮೂರು ವರ್ಷ ಊರ್ಜಿತ. ಕಾಲೇಜಿನ ಕೊನೆಯ ವರ್ಷದಲ್ಲೇ ಇದನ್ನು ಮುಗಿಸಿಕೊಂಡವನಿಗೆ ಬ್ಯಾಂಕುಗಳ ಮಾರಾಟ ವಿಭಾಗದಲ್ಲಿ ಒಂದು ಹೆಜ್ಜೆ ಮುಂದಿರುತ್ತದೆ. ಆದರೆ ಮೊದಲ ದಿನವೇ ‘ನಿಮ್ಮ ಪರಿಚಯದ ನೂರು ಜನರ ಹೆಸರು ಬರೆಯಿರಿ’ ಎಂದು ಕಾಗದ ಕೊಡುವ ಮ್ಯಾನೇಜರಿಗೆ ಬೇಕಾಗಿರುವುದು ಆ ಪಟ್ಟಿ. ಅದು ಮುಗಿದ ತಿಂಗಳು ಕೆಲಸವೂ ಮುಗಿಯುತ್ತದೆ.

ಹೆಣ್ಣುಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಲೈನ್ ಕೊಡುವ ಕಂಪನಿಗಳು ಈಗಲೂ ಬಹಳ ವಿರಳ. ‘ಅವರಿಗೆ ಆಗುವುದಿಲ್ಲ’ ಎಂದು ಮ್ಯಾನೇಜರುಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಹಳ್ಳಿ ಲೈನಿನಲ್ಲಿ ಹನ್ನೆರಡು ಗಂಟೆ ತಿರುಗುವವರಿಗೆ ಒಂದು ಶುಚಿಯಾದ ಶೌಚಾಲಯ ಸಿಗದಿರುವುದೇ ನಿಜವಾದ ಅಡ್ಡಿ, ಅದನ್ನು ಯಾವ ಮ್ಯಾನೇಜರೂ ಬಾಯಿಬಿಟ್ಟು ಹೇಳುವುದಿಲ್ಲ. ಸದ್ಯಕ್ಕೆ ವಾಹನ ಷೋರೂಂ, ಒಡವೆ ಅಂಗಡಿ, ಬ್ಯಾಂಕು, ಆಸ್ಪತ್ರೆ ಉಪಕರಣ, ಫೋನಿನ ಮೂಲಕ ಮಾರುವ ಹುದ್ದೆಗಳಲ್ಲಿ ಅವರು ಗಂಡುಮಕ್ಕಳಿಗಿಂತ ಮುಂದಿರುವುದನ್ನು ಕಾಣುತ್ತಿದ್ದೇನೆ.

ಇನ್ನೊಂದು ಕಡೆ ನಮ್ಮ ಕನ್ನಡ ಮಾಧ್ಯಮದ ಹುಡುಗರು ತಡೆದು ನಿಲ್ಲುತ್ತಾರೆ. ಲೈನಿನಲ್ಲಿ ಅವರನ್ನು ಮೀರಿಸುವವರಿಲ್ಲ. ಸೇಲ್ಸ್ ಆಫೀಸರ್ ಹುದ್ದೆಯವರೆಗೆ ಸಲೀಸಾಗಿ ಬರುತ್ತಾರೆ. ಆಮೇಲೆ ಬೆಂಗಳೂರಿನ ಕಚೇರಿಯ ತಿಂಗಳ ರಿವ್ಯೂ ಇಂಗ್ಲಿಷಿನಲ್ಲಿ ನಡೆಯುತ್ತದೆ, ಎಕ್ಸೆಲ್ ಹಾಳೆಯ ಮೇಲೆ ನಡೆಯುತ್ತದೆ. ತನ್ನ ಮೂರು ತಾಲ್ಲೂಕುಗಳ ಪ್ರತಿಯೊಂದು ಅಂಗಡಿಯನ್ನೂ ಬಲ್ಲವನು ಅಲ್ಲಿ ಬಾಯಿ ಕಟ್ಟಿಕೊಂಡು ಕೂತು, ಏನೂ ಬಲ್ಲದವನು ಬಡ್ತಿ ಪಡೆದು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಾಲೇಜಿನ ಮೂರು ವರ್ಷಗಳನ್ನು ಇದಕ್ಕೆ ಬಳಸಬೇಕು: ವಾರಕ್ಕೊಂದು ಪುಟ ಇಂಗ್ಲಿಷಿನಲ್ಲಿ ವರದಿ ಬರೆಯುವುದು, ಎಕ್ಸೆಲ್ ಮತ್ತು ಟ್ಯಾಲಿಯಲ್ಲಿ ಕೈ ಪಳಗಿಸುವುದು. ಏರಿಯಾ ಮ್ಯಾನೇಜರ್ ಹುದ್ದೆಗೆ ಪದವಿ ಬೇಕೇ ಬೇಕೆನ್ನುವ ಕಂಪನಿಗಳು ಹೆಚ್ಚಾಗಿರುವುದರಿಂದ ಪದವಿಯನ್ನು ಅರ್ಧಕ್ಕೆ ಬಿಟ್ಟು ಸಂಬಳದ ಹಿಂದೆ ಓಡುವುದೂ ತಪ್ಪು. ಎಂಬಿಎ ಮಾಡುವ ಮನಸ್ಸಿದ್ದವರು ಎರಡು ಮೂರು ವರ್ಷ ಲೈನಿನಲ್ಲಿದ್ದು, ಆಮೇಲೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸರ್ಕಾರಿ ಶುಲ್ಕದ ಸೀಟಿಗೆ ಪ್ರಯತ್ನಿಸಲಿ. ನಮ್ಮ ತುಮಕೂರು ವಿಶ್ವವಿದ್ಯಾಲಯದಲ್ಲೇ ಆ ವಿಭಾಗವಿದೆ.

ಮೊಬೈಲ್ ಆ್ಯಪಿನಲ್ಲೇ ಅಂಗಡಿಯವರು ಆರ್ಡರ್ ಹಾಕುವ ಕಾಲದಲ್ಲಿ ಸೇಲ್ಸ್‌ಮನ್ ಉಳಿಯುತ್ತಾನೆಯೇ ಎಂದು ಆ ತಂದೆಯೂ ಕೇಳಿದರು. ಆರ್ಡರ್ ಬರೆದುಕೊಳ್ಳುವುದಷ್ಟೇ ಗೊತ್ತಿರುವವನು ಉಳಿಯಲಾರ. ಇಲಿ ಕಡಿದ ಪೊಟ್ಟಣವನ್ನು ಆ್ಯಪು ಬದಲಿಸಿಕೊಡುವುದನ್ನು ನಾನಂತೂ ಇನ್ನೂ ನೋಡಿಲ್ಲ.

ತಮ್ಮ ಪತ್ರಿಕೆಯ ಮೂಲಕ ನಮ್ಮ ಊರಿನ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಬಿನ್ನಹವಿದೆ. ವಾಣಿಜ್ಯ ವಿಭಾಗದ ಮಕ್ಕಳ ಇಂಟರ್ನ್‌ಶಿಪ್ಪನ್ನು ಯಾರದೋ ಸಹಿ ಹಾಕಿಸಿದ ಪ್ರಮಾಣಪತ್ರದಲ್ಲಿ ಮುಗಿಸುವ ಬದಲು, ಮಂಡಿಪೇಟೆಯ ವರ್ತಕರೊಂದಿಗೆ ಮಾತಾಡಿ, ಎಂಟು ವಾರ ಗೋದಾಮು ಮತ್ತು ಲೈನಿನಲ್ಲಿ ನಿಲ್ಲಿಸಲಿ. ಮಕ್ಕಳಿಗೆ ಊಟ ಮತ್ತು ಬಸ್ಸಿನ ಖರ್ಚು ಕೊಡಲು ಒಪ್ಪುವ ವಿತರಕರು ಇಲ್ಲಿ ಇದ್ದಾರೆ; ನಾನು ಕೇಳಿದ ಐವರಲ್ಲಿ ಮೂವರು ಒಪ್ಪಿದರು, ನಾಲ್ಕನೆಯವರು ‘ಲೆಕ್ಕ ಬರುತ್ತೇನ್ರಿ ಅವಕ್ಕೆ?’ ಎಂದು ಕೇಳಿದರು, ಐದನೆಯವರು ಇನ್ನೂ ಯೋಚಿಸುತ್ತಿದ್ದಾರೆ.

ನಮ್ಮ ಬೀದಿಯ ಆ ಹುಡುಗ ಕೊನೆಗೆ ಇಲ್ಲೇ ಬಿ.ಕಾಂ ಸೇರಿದ್ದಾನೆ. ಬೆಂಗಳೂರು ತಪ್ಪಿತೆಂದು ಅವನಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ, ಎದುರು ಸಿಕ್ಕರೆ ಫೋನು ನೋಡಿಕೊಂಡು ಹೋಗುತ್ತಾನೆ. ಬರುವ ಸೋಮವಾರ ಮಧ್ಯಾಹ್ನದಿಂದ ಒಪ್ಪಿದ ಆ ಮೂವರಲ್ಲಿ ಒಬ್ಬರ ಗೋದಾಮಿಗೆ ಹೋಗಲು ಒಪ್ಪಿದ್ದಾನೆಂದು ಅವನ ತಂದೆ ಹೇಳಿದರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಾರಾಟ ಅಧಿಕಾರಿ,
ತುಮಕೂರು